ಎಡಮನೆಯ ಎದೆನೋವು

ನಮ್ಮೂರಲ್ಲಿ ಯಾರ ನೋವೂ ಅವರಿಗೆ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ನಿಂತು ಬೀದಿ ನೋಡಿದರೆ ಬಲಗಡೆ ಯಾವ ಮನೆ ಸಿಗುತ್ತದೋ, ಆ ಮನೆಯವರಿಗೆ ಗೊತ್ತಾಗುತ್ತದೆ. ನಿಮ್ಮ ಹಲ್ಲು ಹುಳುಕಾಗಿದ್ದರೆ ಬಲಮನೆಯವರು ಕೆನ್ನೆ ಹಿಡಿದುಕೊಂಡು ಕೂರುತ್ತಾರೆ, ನೀವು ಹಾಯಾಗಿ ಕಬ್ಬು ಸಿಗಿದು ತಿನ್ನುತ್ತೀರಿ. ಜ್ವರ, ಬೆವರು, ಊತ, ರಕ್ತ ಇವೆಲ್ಲ ಅವರವರದೇ. ನೋವೊಂದು ಮಾತ್ರ ಬಲಕ್ಕೆ ಹೋಗುತ್ತದೆ. ಬೀದಿಯ ಕೊನೇ ಮನೆಯವರ ಗತಿ ಏನು ಅಂತ ಕೇಳಬೇಡಿ, ನಮ್ಮ ಬೀದಿಗಳಿಗೆ ಕೊನೆ ಅನ್ನೋದಿಲ್ಲ, ಸುತ್ತಿಕೊಂಡು ಬಂದು ಮೊದಲಿಗೇ ಸೇರುತ್ತವೆ. ಹೊಳೆ ಸೇತುವೆ ದಾಟಿ ಆಚೆ ಹೋದರೆ ಎಲ್ಲ ಊರಿನವರ ಹಾಗೆ ನಮ್ಮ ನೋವೂ ನಮಗೇ.

ಹಾಗಾಗಿ ಬೆಳಗ್ಗೆ ಬಾಗಿಲಿಗೆ ನೀರು ಹಾಕಿದ ಕೂಡಲೇ ಎಡಮನೆಗೆ ಹೋಗಿ ‘ಹೇಳಿಕೆ’ ಕೊಟ್ಟು ಬರೋದು ನಮ್ಮಲ್ಲಿ ಕಾಫಿಗಿಂತ ಮೊದಲಿನ ಕೆಲಸ. “ನಿಮ್ಮನೇಲಿ ಯಾರದೋ ಸೊಂಟ ಹಿಡಿದಿದೆ ಕಣ್ರೀ, ನನಗೆ ಮಗ್ಗುಲು ಬದಲಾಯಿಸೋಕಾಗಲಿಲ್ಲ” ಅಂದರೆ ಎಡಮನೆಯವರೆಲ್ಲ ಸಾಲಾಗಿ ನಿಂತು ಒಬ್ಬೊಬ್ಬರೇ ಬಗ್ಗುತ್ತಾರೆ. ಯಾರು ಬಗ್ಗಿದಾಗ ಬಂದವರು ಅಯ್ಯಪ್ಪಾ ಅನ್ನುತ್ತಾರೋ ಅವರ ಸೊಂಟಕ್ಕೆ ಎಣ್ಣೆ. ಜಗಳವಾಡಿ ಮಾತು ಬಿಟ್ಟವರೂ ಹೇಳಿಕೆ ಬಿಡುವುದಿಲ್ಲ, ಮುಖ ಆ ಕಡೆ ತಿರುಗಿಸಿಕೊಂಡಾದರೂ ಹೇಳಿ ಬರುತ್ತಾರೆ. ಅದರಲ್ಲಿ ನಮ್ಮೂರು ಬಹಳ ಕಟ್ಟುನಿಟ್ಟು.

ನಾನು ಮೈಕಿನವನು. ಹಳೇ ಹತ್ತಿ ಗೋದಾಮಿನಲ್ಲಿ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ನಡೆಯುವ ಆರೋಗ್ಯ ಭಾಷಣಕ್ಕೆ ಚಾಪೆ ಹಾಸಿ, ಮೈಕು ಕಟ್ಟಿ, ಕೆಟ್ಟಾಗ ಬೈಸಿಕೊಳ್ಳೋದು ನನ್ನ ಕೆಲಸ. ಬೈಯುವವರು ಚೆನ್ನಾಜಮ್ಮ. ಇಪ್ಪತ್ತೆರಡು ವರ್ಷದ ಹಿಂದೆ ಆರೋಗ್ಯ ಸಹಾಯಕಿ ಆದ ನಮ್ಮೂರಿನವರೇ. ಕುಳ್ಳಗೆ, ಗಟ್ಟಿ ಗಂಟಲು, ಹೆಗಲಲ್ಲಿ ಯಾವಾಗಲೂ ಒಂದು ಬಟ್ಟೆಚೀಲ. ಅವರ ಭಾಷಣ ಅಂದರೆ ಅರ್ಧ ಪಾಠ, ಅರ್ಧ ಮಂಗಳಾರತಿ. “ಉಪ್ಪು ಕಡಿಮೆ ಮಾಡಿ ಅಂದರೆ ಉಪ್ಪಿನಕಾಯಿಗೆ ವಿನಾಯಿತಿ ಇದೆ ಅಂದ್ಕೊಂಡಿದೀರಲ್ಲ, ನಿಮ್ಮನ್ನ ಏನು ಮಾಡ್ಲಿ ನಾನು” ಅನ್ನೋರು. ಜನ ನಗುತ್ತಾ ಬೈಸಿಕೊಂಡು ಹೋಗಿ ಮಾರನೇ ದಿನದಿಂದ ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಏರಿಸೋರು. ಈ ಊರಲ್ಲಿ ಅವರ ಮಾತಿಗೆ ಅಷ್ಟು ಬೆಲೆ ಇತ್ತು.

ಇಲಾಖೆಯಿಂದ ಅವರಿಗೆ ಅಚ್ಚಾದ ಹಾಳೆಗಳು ಬರುತ್ತಿದ್ದವು. ಅವೆಲ್ಲ ಬೇರೆ ಊರಿನವರಿಗೆ ಬರೆದವು. ‘ನಿಮಗೆ ಎದೆನೋವು ಕಾಣಿಸಿಕೊಂಡಲ್ಲಿ ಕೂಡಲೇ ಆಸ್ಪತ್ರೆಗೆ ತೆರಳಿ’ ಅಂತ ಹಾಳೆಯಲ್ಲಿದ್ದರೆ ಚೆನ್ನಾಜಮ್ಮ ಮೈಕಿನಲ್ಲಿ ಹೇಳುತ್ತಿದ್ದದ್ದು, “ನಿಮಗೆ ಎದೆ ನೋವು ಬಂದರೆ ನೀವು ಓಡಬೇಡಿ, ಎಡಮನೆಯವರನ್ನ ಓಡಿಸಿ. ಅವರು ಬರಲ್ಲ ಅಂದರೆ ಹೊತ್ಕೊಂಡು ಹೋಗಿ.” ಹೀಗೆ ಹೊತ್ತುಕೊಂಡು ಹೋಗಿ ಉಳಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಇನ್ನೊಂದು ಕೆಲಸವನ್ನೂ ಅವರು ಬಿಡದೆ ಮಾಡುತ್ತಿದ್ದರು. ದಿನಾ ಬೀದಿ ಸುತ್ತಿ ಯಾವ ಮನೆಯಲ್ಲಿ ಯಾರಿಗೆ ಎಲ್ಲಿ ನೋವು ಬಂತು ಅನ್ನೋದನ್ನ ಮನೆಗೊಂದು ಸಾಲಿನಂತೆ ಪುಸ್ತಕದಲ್ಲಿ ಬರೆದಿಡೋರು. ವರ್ಷಕ್ಕೊಂದರ ಹಾಗೆ ಇಪ್ಪತ್ತೆರಡು ದಪ್ಪ ಪುಸ್ತಕ. ಪ್ರತಿಯೊಂದರ ನಕಲನ್ನೂ ರಾಜಧಾನಿಯ ಸಂಶೋಧನಾ ಸಂಸ್ಥೆಗೆ ಕಳಿಸಿದ್ದರು. ಅಲ್ಲಿಂದ ಒಂದು ಕಾಗದವೂ ಬಂದಿರಲಿಲ್ಲ.

ಕಾಗದದ ಬದಲು ಒಂದು ಸೋಮವಾರ ಮನುಷ್ಯನೇ ಬಂದರು. ಡಾಕ್ಟರ್ ವಾಮನಮೂರ್ತಿ ಅಂತ, ಆ ಸಂಸ್ಥೆಯ ದೊಡ್ಡ ಸಂಶೋಧಕರು. ಐವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಹೊಸಾ ಕಪ್ಪು ಬೂಟು. ಪ್ರವಾಸಿ ಬಂಗಲೆಯಲ್ಲಿ ಇಳಿದರು. ಆ ಬಂಗಲೆಯಲ್ಲಿ ಕಾವಲುಗಾರ ದ್ಯಾವಣ್ಣನನ್ನು ಬಿಟ್ಟರೆ ಯಾರೂ ಮಲಗಿದ್ದನ್ನು ನಾನು ಕಂಡಿಲ್ಲ, ಹೊರಗಿಂದ ಬಂದ ಸಾಹೇಬರೆಲ್ಲ ಸಂಜೆ ಬಸ್ಸಿಗೇ ವಾಪಸು. ಇವರು ಮಾತ್ರ ಹೃದಯ ನೋಡುವ ಮಿಷನ್ನು ಹೊರಿಸಿಕೊಂಡು ಮನೆಮನೆ ತಿರುಗಿದರು. ಎರಡು ದಿನ ಊರೆಲ್ಲ ನಡೆದರೂ ಕಾಲು ನೋಯಲಿಲ್ಲ, ನಿಮ್ಮೂರಿನ ಹವೆ ಬಹಳ ಚೆನ್ನಾಗಿದೆ ಅಂತ ನನ್ನ ಹತ್ತಿರವೇ ಹೊಗಳಿದರು. ನಾನೂ ಹೌದು ಸಾರ್ ಅಂದೆ.

ಮಂಗಳವಾರ ಸಂಜೆ ಚೆನ್ನಾಜಮ್ಮನವರನ್ನು ಗೋದಾಮಿಗೇ ಕರೆಸಿದರು. ನಾನು ವೈರು ಸುತ್ತುತ್ತಾ ಅಲ್ಲೇ ಇದ್ದೆ. “ನಿಮ್ಮ ಪುಸ್ತಕದಲ್ಲಿ ಎದೆನೋವು ಅಂತ ಇರೋ ನಲವತ್ತು ಜನರನ್ನ ಪರೀಕ್ಷೆ ಮಾಡಿದೆ. ಎಲ್ಲರ ಹೃದಯವೂ ಗಟ್ಟಿಮುಟ್ಟಾಗಿದೆ. ಇನ್ನು ನಿಜವಾಗಿ ಹೃದಯ ಕೆಟ್ಟಿರೋರನ್ನ ಕೇಳಿದರೆ ನೋವೇ ಇಲ್ಲ ಅಂತಾರೆ. ಇಪ್ಪತ್ತೆರಡು ವರ್ಷ ನೀವು ಬರೆದಿರೋದು ಸುಳ್ಳಿನ ಕಂತೆ” ಅಂದರು.

“ಅದು ಹಾಗೇ ಇರುತ್ತೆ ಸರ್. ಆ ನೋವು ಅವರದಲ್ಲ, ಎಡಮನೆಯವರದು” ಅಂದರು ಚೆನ್ನಾಜಮ್ಮ.

ವಾಮನಮೂರ್ತಿ ಮೊದಲು ನಕ್ಕರು, ಆಮೇಲೆ ನಗು ಬಿಟ್ಟರು. “ಸರ್ಕಾರಿ ಕೆಲಸದಲ್ಲಿದ್ದುಕೊಂಡು ನೀವೇ ಇಂಥ ಮೂಢನಂಬಿಕೆ ಹರಡಿದರೆ ಹೇಗಮ್ಮ. ನಾಳಿದ್ದು ಗುರುವಾರ ಹೃದಯದ ಬಗ್ಗೆ ಭಾಷಣ ಇದೆಯಲ್ಲ, ನಾನು ಬಂದು ಕೂರ್ತೀನಿ. ಇಲಾಖೆಯ ಹಾಳೆ ಹೇಗಿದೆಯೋ ಹಾಗೆ ಓದಿ. ಒಂದು ಅಕ್ಷರ ಆಚೀಚೆ ಆದರೂ ಅವತ್ತಿಗೇ ಭಾಷಣ ಬಂದ್, ಪುಸ್ತಕಗಳು ರದ್ದಿಗೆ. ಆದೇಶ ಬರೆದು ಸಹಿ ಹಾಕಿ ಇಟ್ಟುಕೊಂಡಿದೀನಿ.”

ಅವರು ಹೋದ ಮೇಲೆ ಚೆನ್ನಾಜಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟರು. “ಹಾಳೆ ಓದಿದರೆ ನಮ್ಮ ಜನ ನನ್ನ ಮಾತು ನಂಬಿ ಅದನ್ನೇ ಮಾಡ್ತಾರೆ. ಗಟ್ಟಿ ಇದ್ದೋರು ಆಸ್ಪತ್ರೆಗೆ ಓಡ್ತಾರೆ, ಸಾಯೋರು ಮನೇಲಿ ಕೂತಿರ್ತಾರೆ. ಓದದೇ ಇದ್ದರೆ ಭಾಷಣವೇ ಇರಲ್ಲ, ಆಗಲೂ ನಾಲ್ಕು ವರ್ಷದಲ್ಲಿ ಎಲ್ಲ ಮರೀತಾರೆ. ಏನು ಮಾಡ್ಲೋ?” ಅಂದರು. ಟೀ ತರಿಸಿದೆ, ಅದು ಅಲ್ಲೇ ಆರಿತು.

ಈಗ ಜೈನಬಿಯ ವಿಷಯ ಹೇಳಬೇಕು. ಜೈನಬಿ ಕೌದಿ ಹೊಲಿಯುವವಳು, ಬಂಗಲೆಯ ಬಲಮನೆಯಲ್ಲಿ ಒಬ್ಬಳೇ ಇರೋದು. ದ್ಯಾವಣ್ಣನ ನೋವೆಲ್ಲ ಅವಳಿಗೆ. ಮಂಗಳವಾರ ಬೆಳಗ್ಗೆ ಅವಳು ಬಂಗಲೆಗೆ ಹೋಗಿ, “ದ್ಯಾವಣ್ಣಾ, ನಿನ್ನ ಎಡಗಾಲು ಹಿಮ್ಮಡಿ ಉರೀತಿದೆ ನೋಡು, ಏನು ತುಳಿದಿದೀಯೋ” ಅಂದಳು. ದ್ಯಾವಣ್ಣ ಕಾಲೆತ್ತಿ ತೋರಿಸಿದ. ಬಿರುಕು ಬಿಟ್ಟ ಹಳೇ ಹಿಮ್ಮಡಿ, ಗಾಯ ಇಲ್ಲ, ಮುಳ್ಳಿಲ್ಲ. ಬುಧವಾರ ಉರಿ ಹೆಚ್ಚಾಯಿತು, ಜೈನಬಿ ಕುಂಟತೊಡಗಿದಳು. ದ್ಯಾವಣ್ಣ ಮತ್ತೆ ಕಾಲು ತೋರಿಸಿ ನಕ್ಕ. ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಅವಳ ಕೈಯಿಂದ ಸೂಜಿ ಬಿತ್ತು. ಎದೆ ಮೇಲೆ ಒರಳುಕಲ್ಲು ಹೇರಿದ ಹಾಗೆ, ಎಡಗೈ ಬೆರಳ ತುದಿವರೆಗೂ ಸೆಳೆತ.

ಇಪ್ಪತ್ತೆರಡು ವರ್ಷ ಭಾಷಣ ಕೇಳಿದ ಹೆಂಗಸು, ಒಂದು ನಿಮಿಷ ತಡ ಮಾಡಲಿಲ್ಲ. ಬೀದಿಯಲ್ಲಿ ಸಿಕ್ಕ ನಾಲ್ಕು ಜನರನ್ನು ಕೂಗಿದಳು. ದ್ಯಾವಣ್ಣ ಆಗಷ್ಟೇ ಮುದ್ದೆ ಮುರಿದು ಸಾರಿಗೆ ಅದ್ದಿದ್ದ. “ನನಗೇನೂ ಆಗಿಲ್ಲ ಬಿಡ್ರೋ” ಅಂತ ಅವನು, “ಏನೂ ಆಗಿಲ್ಲ ಅನ್ನೋರಿಗೇ ಆಗಿರೋದು” ಅಂತ ಇವರು. ಎಂಜಲು ಕೈಯಲ್ಲೇ ಅವನನ್ನು ಹೊತ್ತು ಆಸ್ಪತ್ರೆಗೆ ಹಾಕಿದರು. ನಮ್ಮ ಡಾಕ್ಟರ್ ಫಿಲೋಮಿನಾ ಮೂರು ಸಲ ಮಿಷನ್ನು ಹಚ್ಚಿ ನೋಡಿದರು. ದ್ಯಾವಣ್ಣನ ಹೃದಯ ಹದಿನೆಂಟರ ಹುಡುಗನ ಹಾಗಿತ್ತು. ಆದರೂ ಪಕ್ಕದ ಬೆಂಚಿನ ಮೇಲೆ ಜೈನಬಿ ಎದೆ ಹಿಡಿದುಕೊಂಡು ಒದ್ದಾಡುತ್ತಲೇ ಇದ್ದಳು. ಡಾಕ್ಟರಮ್ಮನಿಗೆ ದಿಕ್ಕು ತೋಚಲಿಲ್ಲ. ದ್ಯಾವಣ್ಣನನ್ನು ಮಂಚದಿಂದ ಏಳಬೇಡ ಅಂತ ಮಲಗಿಸಿಯೇ ಇಟ್ಟರು.

ಇತ್ತ ಗೋದಾಮು ಮೂರೂವರೆಗೇ ತುಂಬಿತು. ಚೆನ್ನಾಜಮ್ಮನ ಕೊನೇ ಭಾಷಣವಂತೆ ಅಂತ ಸುದ್ದಿ ಹಬ್ಬಿ, ಕಿಟಕಿಯಲ್ಲೆಲ್ಲ ತಲೆಗಳು. ವೇದಿಕೆ ಮೇಲೆ ಕುರ್ಚಿಯಲ್ಲಿ ವಾಮನಮೂರ್ತಿ. ಬೂಟುಕಾಲು ಒಂದರ ಮೇಲೊಂದು, ತೊಡೆ ಮೇಲೆ ಆದೇಶದ ಕವರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ನಾನು ಫ್ಯಾನು ಅವರ ಕಡೆ ತಿರುಗಿಸಿದೆ. ತಗಡಿನ ಗೋದಾಮು, ಸೆಕೆ ಇರೋದೇ ಅಂದುಕೊಂಡೆ. ಅವರೂ ಹಾಗೇ ಅಂದುಕೊಂಡಿರಬೇಕು, ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುತ್ತಲೇ ಇದ್ದರು.

ಚೆನ್ನಾಜಮ್ಮ ಹಾಳೆ ಹಿಡಿದು ನಿಂತರು. ಹೃದಯ ಎಲ್ಲಿರುತ್ತದೆ, ಏನು ಕೆಲಸ ಮಾಡುತ್ತದೆ ಅನ್ನೋದನ್ನು ಅಕ್ಷರ ಬಿಡದೆ ಓದಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬೈಗುಳ ಇಲ್ಲದ ಭಾಷಣ ಅವರಿಗೆ ಅಭ್ಯಾಸವಿಲ್ಲ. “ನಿಮಗೆ ಎದೆಯಲ್ಲಿ ನೋವು ಕಾಣಿಸಿಕೊಂಡಲ್ಲಿ” ಅನ್ನುವ ಕಡೆ ಬಂದು ನಿಂತರು. ಮತ್ತೆ ಅದನ್ನೇ ಓದಿದರು. ಮತ್ತೆ ನಿಂತರು. ಆ ಹೊತ್ತಲ್ಲಿ ಅವರ ಮನಸ್ಸಿನಲ್ಲಿ ಎಷ್ಟು ಮನೆಗಳ ಬಾಗಿಲು ಬಂದು ಹೋದವೋ. ಆಮೇಲೆ ನನ್ನ ಹತ್ತಿರ ಹೇಳಿದರು, ಮುಂದಿನ ಪದ ಬಾಯಿಗೆ ಬರಲೇ ಇಲ್ಲ ಕಣೋ ಅಂತ.

ಅಷ್ಟರಲ್ಲಿ ಬಾಗಿಲ ಹತ್ತಿರ ಗಲಾಟೆ. ಜೈನಬಿ ಗೋಡೆ ಹಿಡಿದುಕೊಂಡು ಕುಂಟುತ್ತಾ ಒಳಗೆ ಬಂದಳು. ಇಬ್ಬರು ಹೆಂಗಸರು ತೋಳು ಕೊಟ್ಟರು. “ಅಕ್ಕಾ, ದ್ಯಾವಣ್ಣನ ಹೃದಯ ಸರಿ ಇದೆಯಂತೆ. ಮೂರು ಸಲ ನೋಡಿದರು. ಹಾಗಾದರೆ ನನಗೆ ಬಂದಿರೋದು ಯಾರ ನೋವು?” ಅಂದಳು.

ಚೆನ್ನಾಜಮ್ಮ ಹಾಳೆ ಮೈಕಿನ ಹತ್ತಿರವೇ ಬಿಟ್ಟು ಕೆಳಗಿಳಿದರು. “ಕುಂಟ್ತಿದೀಯಲ್ಲ, ಯಾಕೆ?”

“ಎಡ ಹಿಮ್ಮಡಿ ಅಕ್ಕ. ಮೂರು ದಿನ ಆಯ್ತು. ಹೊಸ ಬೂಟು ಕಚ್ಚಿದರೆ ಉರಿಯುತ್ತಲ್ಲ, ಹಂಗೆ.”

“ದ್ಯಾವಣ್ಣ ಹುಟ್ಟಿದಾಗಿಂದ ಕಾಲಿಗೆ ಏನೂ ಹಾಕಿದವನಲ್ಲ” ಅಂದರು ಚೆನ್ನಾಜಮ್ಮ, ಅವಳಿಗಲ್ಲ, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ನಿಧಾನವಾಗಿ ತಿರುಗಿ ವೇದಿಕೆ ಕಡೆ ನೋಡಿದರು. ಅಲ್ಲಿದ್ದದ್ದು ಆ ಕಪ್ಪು ಬೂಟು.

ಹೊರಗಿನವರ ನೋವು ಹೊರಗಿನವರಿಗೇ ಅಂತ ನಾವೆಲ್ಲ ನಂಬಿಕೊಂಡು ಬಂದವರು. ನಮ್ಮದು ರಕ್ತದಲ್ಲಿ ಬಂದದ್ದು, ಬೇರೆಯವರಿಗೆ ಅಂಟುವುದಿಲ್ಲ ಅನ್ನೋ ಒಂದು ಜಂಬವೂ ಇತ್ತು ಅನ್ನಿ. ಹೊರಗಿನವರು ಯಾರೂ ಇಲ್ಲಿ ಒಂದು ರಾತ್ರಿಯೂ ಮಲಗಿ ನೋಡಿರಲಿಲ್ಲವಲ್ಲ. ಇಡೀ ಊರಿಗೆ ಹೊಳೆಯದ್ದು ಚೆನ್ನಾಜಮ್ಮನವರಿಗೆ ಆ ಒಂದು ಗಳಿಗೆಯಲ್ಲಿ ಹೊಳೆಯಿತು. ಸೀದಾ ಮೆಟ್ಟಿಲು ಹತ್ತಿ ಕುರ್ಚಿ ಮುಂದೆ ನಿಂತರು. “ಸರ್, ನಿಮಗೆ ಹೃದಯಾಘಾತ ಆಗ್ತಿದೆ. ಈಗಲೇ ಆಸ್ಪತ್ರೆಗೆ ಏಳಿ.”

ಮೈಕು ಇನ್ನೂ ಚಾಲೂ ಇತ್ತು. ಮಾತು ಊರಿಗೆಲ್ಲ ಕೇಳಿಸಿತು. ವಾಮನಮೂರ್ತಿಯವರ ಮುಖ ಕೆಂಪಗಾಯಿತು. “ಇಂಥ ನಾಟಕ ಏನಾದರೂ ಇರುತ್ತೆ ಅಂತ ನನಗೆ ಗೊತ್ತಿತ್ತು. ನನಗೆ ಎಲ್ಲೂ ನೋವಿಲ್ಲ. ಓದೋದು ನಿಲ್ಲಿಸಿದಿರಿ, ಇಲ್ಲಿಗೆ ಭಾಷಣ ಬಂದ್” ಅಂತ ಕವರು ಎತ್ತಿ ಹಿಡಿದರು.

“ಬಂದ್ ಮಾಡಿ. ಪುಸ್ತಕ ರದ್ದಿಗೆ ಹಾಕಿ, ನನ್ನ ಕೆಲಸನೂ ತೆಗೀರಿ, ನಾನು ಕೇಳಲ್ಲ” ಅಂದರು ಚೆನ್ನಾಜಮ್ಮ. “ಎಡಗಾಲಿನ ಬೂಟು ಮಾತ್ರ ಬಿಚ್ಚಿ. ಒಳಗೆ ಗಾಯ ಇಲ್ಲದೇ ಇದ್ದರೆ ನಾನು ಇನ್ನು ಈ ಊರಲ್ಲಿ ಬಾಯಿ ತೆರೆಯಲ್ಲ.”

ಈ ಹೆಂಗಸಿಗೆ ಒಮ್ಮೆ ಮರ್ಯಾದೆ ಕಳೆದು ಮುಗಿಸೋಣ ಅಂತಲೋ ಏನೋ, ಅವರು ಬಗ್ಗಿ ಲೇಸು ಬಿಚ್ಚಿ ಬೂಟು ಎಳೆದರು. ಬಿಳೀ ಕಾಲುಚೀಲದ ಹಿಂಬದಿ ಪೂರ್ತಿ ಕಂದುಕೆಂಪು. ಚೀಲ ಎಳೆದರೆ ಚರ್ಮವೂ ಜೊತೆಗೇ ಬಂತು. ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಹಸಿ ಮಾಂಸ. ಆ ಮನುಷ್ಯ ಅದನ್ನು ಬೇರೆ ಯಾರದೋ ಕಾಲು ಅನ್ನೋ ಹಾಗೆ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಆ ಗಾಯವನ್ನು ಒತ್ತಿದರು. ಗೋದಾಮಿನ ಆ ತುದಿಯಲ್ಲಿ ಜೈನಬಿ ಚೀರಿದಳು. ಇನ್ನೊಮ್ಮೆ ಒತ್ತಿದರು. ಅವಳು ಇನ್ನೊಮ್ಮೆ ಚೀರಿ, “ಯಾರೋ ಅದು, ಸಾಕು ಬಿಡ್ರೋ” ಅಂದಳು.

ಎಷ್ಟಾದರೂ ಡಾಕ್ಟರು. ಹಣೆ ಮೇಲೆ ಕೈಯಿಟ್ಟುಕೊಂಡರು, ತಣ್ಣನೆ ಬೆವರು. ಮಣಿಕಟ್ಟು ಹಿಡಿದು ತಮ್ಮ ನಾಡಿ ತಾವೇ ನೋಡಿಕೊಂಡರು. ಕೆಂಪಗಿದ್ದ ಮುಖ ಬಿಳಿಚಿಕೊಂಡಿತು. “ಎಷ್ಟು ಹೊತ್ತಾಯಿತು?” ಅಂತ ಜೈನಬಿಯನ್ನು ಕೇಳಿದರು.

“ಹನ್ನೆರಡೂವರೆಯಿಂದ” ಅಂದಳು ಜೈನಬಿ. ನಾಲ್ಕು ಗಂಟೆ ಕಾಲ ಅವರ ಹೃದಯ ಕೂಗಿಕೊಂಡಿತ್ತು, ಅವರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು ಕೂತಿದ್ದರು.

ಚೆನ್ನಾಜಮ್ಮ ಬಟ್ಟೆಚೀಲದಿಂದ ಆಸ್ಪಿರಿನ್ ಮಾತ್ರೆ ತೆಗೆದು ಅವರ ಬಾಯಿಗೆ ಹಾಕಿ, “ಜಗೀರಿ, ನುಂಗಬೇಡಿ” ಅಂತ ಗದರಿಸಿದರು. ಅವರು ಜಗಿದರು. ನಡೆಯೋಕೆ ಬಿಡಬೇಡಿ ಅಂತ ಜನ ತಾವೇ ಹೇಳಿಕೊಂಡು ಕುರ್ಚಿ ಸಮೇತ ಎತ್ತಿದರು. ಒಂದು ಬೂಟು ಕಾಲಲ್ಲಿ, ಇನ್ನೊಂದು ವೇದಿಕೆ ಮೇಲೆ. ಅವರು ಬಂದಿದ್ದ ಜೀಪಿನಲ್ಲೇ ಮಲಗಿಸಿ ಕಳಿಸಿದೆವು. ರೋಗಿಯ ಜೊತೆ ಬಲಮನೆಯವರೂ ಹೋಗೋದು ನಮ್ಮ ಪದ್ಧತಿ. ಆದರೆ ಜೈನಬಿಗೆ ಏಳೋಕೇ ಆಗಲಿಲ್ಲ. “ನನ್ನ ಇಲ್ಲೇ ಬಿಡಿ, ಫೋನಿನಲ್ಲಿ ಹೇಳ್ತೀನಿ” ಅಂದಳು. ಚಾಪೆ ಮೇಲೆ ಮಲಗಿಸಿ, ಚೆನ್ನಾಜಮ್ಮ ಅವಳ ತಲೆ ತೊಡೆ ಮೇಲಿಟ್ಟುಕೊಂಡು ಫಿಲೋಮಿನಾ ಡಾಕ್ಟರಿಗೆ ಫೋನ್ ಹಚ್ಚಿದರು. ಎಲ್ಲರಿಗೂ ಕೇಳಲಿ ಅಂತ ನಾನು ಮೈಕು ತಂದು ಫೋನಿಗೆ ಹಿಡಿದೆ.

“ಈಗ ಹೇಗಿದೆ?” ಅಂದರು ಡಾಕ್ಟರಮ್ಮ. “ಹಂಗೇ ಇದೆ, ದವಡೆಗೂ ಏರ್ತಿದೆ” ಅಂದಳು ಜೈನಬಿ. ರಕ್ತದ ಗಂಟು ಕರಗಿಸುವ ಮದ್ದು ಹಾಕ್ತಿದೀನಿ ಅಂದರು. ಐದು ನಿಮಿಷ. ಹತ್ತು ನಿಮಿಷ. “ಈಗ?” “ಒಂಚೂರು ಇಳೀತು ಅನ್ಸುತ್ತೆ. ಇಲ್ಲ, ಮತ್ತೆ ಬಂತು.” ಇನ್ನೂರು ಜನ ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆವು. ಬೆಳಗ್ಗೆಯಷ್ಟೇ ಆ ವಾಮನಮೂರ್ತಿಯನ್ನು ಮನಸಾರೆ ಶಪಿಸಿದವನು ನಾನು. ಈಗ ಮೈಕು ಹಿಡಿದುಕೊಂಡೇ ಬದುಕಲಪ್ಪಾ ಅಂತ ಬೇಡಿಕೊಳ್ಳುತ್ತಿದ್ದೆ. ಆ ಕಡೆ ಫೋನಿನಲ್ಲಿ ಓಡಾಟದ ಸದ್ದು, ಯಾರೋ ಕೂಗಿದ್ದು, ಏನೋ ಬಿದ್ದದ್ದು ಕೇಳಿ ಫೋನು ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಜೈನಬಿ ಕಣ್ಣು ಬಿಟ್ಟಳು. “ಹೋಯ್ತು” ಅಂದಳು. “ಪೂರ್ತಿ ಹೋಯ್ತು. ಎದೆ, ಕೈ, ಹಿಮ್ಮಡಿ, ಎಲ್ಲೂ ಏನೂ ಇಲ್ಲ.”

ಬೇರೆ ಊರಾಗಿದ್ದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ನಮ್ಮಲ್ಲಿ ಯಾರೂ ಮಿಸುಕಲಿಲ್ಲ. ನೋವು ಇಳಿದು ಇಳಿದು ಹೋದರೆ ಗುಣ. ಒಮ್ಮೆಗೇ ಎಲ್ಲ ಕಡೆಯಿಂದ ಹೋದರೆ ಏನು ಅನ್ನೋದು ನಮ್ಮೂರಿನ ಪ್ರತಿ ಬಲಮನೆಗೂ ಗೊತ್ತು. ಚೆನ್ನಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. “ಬೂಟು ಮೊದಲೇ ನೋಡಬೇಕಿತ್ತು ನಾನು” ಅಂದರು. ಮೊದಲ ಸಾಲಿನ ಮುದುಕರೊಬ್ಬರು ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡರು.

ಜೈನಬಿ ತಟ್ಟನೆ ಎಡ ಮೊಣಕೈ ಮಡಿಸಿ ಹಿಡಿದುಕೊಂಡಳು. “ಚುರುಕ್ ಅಂತು” ಅಂದಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿಕೊಂಡಳು. “ಸೂಜಿ ಚುಚ್ತಿದಾರೆ. ಅಕ್ಕಾ, ಹೆಣಕ್ಕೆ ಯಾರೂ ಸೂಜಿ ಚುಚ್ಚಲ್ಲ. ಚುಚ್ಚಿದರೂ ನನಗೆ ಗೊತ್ತಾಗಲ್ಲ.” ಆಮೇಲೆ ಮುಖ ಅರಳಿಸಿ, “ಹಿಮ್ಮಡಿನೂ ಉರೀತಿದೆ, ಶುರುವಾಯ್ತು ಮತ್ತೆ” ಅಂದಳು. ಯಾರದೋ ಹಿಮ್ಮಡಿ ಉರಿಯುತ್ತದೆ ಅಂತ ಇನ್ನೂರು ಜನ ಎದ್ದು ನಿಂತು ಕುಣಿದದ್ದನ್ನು ನಾನು ಅವತ್ತು ಮಾತ್ರ ನೋಡಿದ್ದು. ತಗಡಿನ ಮಾಡು ಹಾರಿಹೋಗುವ ಹಾಗೆ ಚಪ್ಪಾಳೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೃದಯ ಎರಡು ನಿಮಿಷ ನಿಂತು ಮತ್ತೆ ಹೊಡೆದುಕೊಂಡಿತು ಅಂತ ಡಾಕ್ಟರಮ್ಮ ಹೇಳಿದ್ದು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ, ಬೇಕಾಗಿಯೂ ಇರಲಿಲ್ಲ.

ವಾಮನಮೂರ್ತಿ ಹನ್ನೆರಡು ದಿನ ನಮ್ಮ ಆಸ್ಪತ್ರೆಯಲ್ಲಿದ್ದರು. ಮೂರನೇ ದಿನ ಚೆನ್ನಾಜಮ್ಮನವರ ಇಪ್ಪತ್ತೆರಡೂ ಪುಸ್ತಕ ತರಿಸಿಕೊಂಡರು. ಒಂದು ಸ್ಕೇಲು, ಒಂದು ಪೆನ್ಸಿಲು. ಪ್ರತಿ ಮನೆಯ ನೋವನ್ನೂ ಒಂದು ಮನೆ ಎಡಕ್ಕೆ ಸರಿಸಿ ಓದುತ್ತಾ ಹೋದರು. ದಾದಿಯರು ಮಲಗಿ ಸಾರ್ ಅಂದರೆ ಕಿವಿಗೇ ಹಾಕಿಕೊಳ್ಳಲಿಲ್ಲವಂತೆ. ಬಲಮನೆಯಲ್ಲಿ ಎದೆನೋವು ಬರೆದ ದಿನಾಂಕಕ್ಕೂ ಆಸ್ಪತ್ರೆ ದಾಖಲೆಯಲ್ಲಿ ಎಡಮನೆಯ ಹೃದಯ ಕೆಟ್ಟದ್ದಕ್ಕೂ ತಾಳೆ. ಕಿಡ್ನಿ ಕಲ್ಲಿನ ನೋವಿಗೂ ಕಲ್ಲಿಗೂ ತಾಳೆ. ಹೆರಿಗೆ ಬೇನೆಗಂತೂ ಗಂಟೆ ನಿಮಿಷದ ಸಮೇತ ತಾಳೆ.

ಆಸ್ಪತ್ರೆಯಿಂದ ಬಿಟ್ಟ ಮೇಲಿನ ಗುರುವಾರ ಅವರೇ ವೇದಿಕೆ ಹತ್ತಿದರು, ಕಾಲಲ್ಲಿ ದ್ಯಾವಣ್ಣ ಕೊಡಿಸಿದ ರಬ್ಬರ್ ಚಪ್ಪಲಿ. ಜೇಬಿನಿಂದ ಆ ಕವರು ತೆಗೆದು ಎಲ್ಲರೆದುರು ನಾಲ್ಕು ತುಂಡು ಮಾಡಿ ನನ್ನ ಕೈಗಿಟ್ಟರು. ಮೈಕು ಸರಿಮಾಡಿಕೊಂಡು, “ನಾನು ಮೂವತ್ತು ವರ್ಷದಿಂದ ಸಂಶೋಧನೆ ಮಾಡ್ತಿದೀನಿ. ಇವರ ಪುಸ್ತಕದಲ್ಲಿ ಒಂಬತ್ತು ಸಾವಿರದ ಚಿಲ್ಲರೆ ದಾಖಲೆ ಇದೆ. ಎಲ್ಲ ಓದಿದೆ. ತಪ್ಪು ಒಂದೂ ಸಿಗಲಿಲ್ಲ. ತಪ್ಪಾಗಿ ಓದಿದವನು ನಾನು” ಅಂದರು. ಇನ್ನು ಮೇಲೆ ಈ ಊರಿನ ಹಾಳೆಯನ್ನು ಚೆನ್ನಾಜಮ್ಮನವರೇ ಬರೆಯುತ್ತಾರೆ, ಸಂಸ್ಥೆ ಅಚ್ಚು ಹಾಕುತ್ತದೆ ಅಂತಲೂ ಅಂದರು. ಆಮೇಲೆ ಹೃದಯದ ಪಾಠ ಶುರುಮಾಡಿದರು.

ಚೆನ್ನಾಜಮ್ಮ ಅವತ್ತು ಕೆಳಗೆ, ಚಾಪೆ ಮೇಲೆ, ಜೈನಬಿ ಪಕ್ಕದಲ್ಲಿ ಕೂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಆ ಚಾಪೆ ಮೇಲೆ ಕೂತು ಭಾಷಣ ಕೇಳಿದ್ದು ಅದೇ ಮೊದಲು. ಭಾಷಣದ ನಡುವೆ ಮೈಕು ಎರಡು ಸಲ ಕೈಕೊಟ್ಟಿತು. ಬೈಗುಳಕ್ಕೆ ಕಾದು ನಾನು ಅವರ ಕಡೆ ತಿರುಗಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು, ನನ್ನನ್ನು ನೋಡಲೇ ಇಲ್ಲ.